ಜರ್ಮನಿಗೆ ಬಂದರೆ ಬೇಕಾದ ಕೆಲಸ ಆರಿಸಿಕೊಳ್ಳಬಹುದಾ?

ಬೆಂಗಳೂರಿನಲ್ಲಿ ವರ್ಷಗಟ್ಟಲೆ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡಿ ಸಾಕಾಗಿದೆ, ಸ್ಟುಟ್‌ಗಾರ್ಟ್‌ನಿಂದ ಆಫರ್ ಬಂದಿದೆ, ಅಲ್ಲಾದರೂ ಇಷ್ಟದ ಕೆಲಸ ಮಾಡಬಹುದಾ ಅಂತ ಕೇಳಿದ್ದೀರಿ. ಕಂಪನಿಯ ಒಳಗೆ ಆ ಸ್ವಾತಂತ್ರ್ಯ ಅಷ್ಟೇನೂ ಇಲ್ಲ. ಯಾರನ್ನು ಯಾವ ಪ್ರಾಜೆಕ್ಟ್‌ಗೆ ಹಾಕಬೇಕು ಅನ್ನುವುದು ಇಲ್ಲೂ ಮ್ಯಾನೇಜರ್ ಕೈಯಲ್ಲೇ ಇದೆ. ಕಾಂಟ್ರಾಕ್ಟಿನಲ್ಲಿ ಬರೀ ‘ಸಾಫ್ಟ್‌ವೇರ್ ಎಂಜಿನಿಯರ್’ ಅಂತಿದ್ದರೆ ಟೆಸ್ಟಿಂಗ್ ಕೊಟ್ಟರೂ ಮಾಡಬೇಕು. ಡೆವಲಪ್‌ಮೆಂಟ್ ಅಂತ ಬರೆಸಿಕೊಳ್ಳಿ, ಇಂಟರ್‌ವ್ಯೂನಲ್ಲಿ ಹೇಳಿದ್ದನ್ನು ನಂಬಿ ಬರಬೇಡಿ.

ಇನ್ನೊಂದು, ಆಫರ್ ಕೊಟ್ಟವರು ಕಾರು ಕಂಪನಿಯೋ, ಕಾರು ಕಂಪನಿಗೆ ಜನರನ್ನು ಕಳಿಸುವವರೋ? ಎರಡನೆಯದಾದರೆ ಬೆಂಗಳೂರಿನ ಸರ್ವಿಸ್ ಕಂಪನಿಯ ಕಥೆಯೇ, ಬೆಂಚ್ (ಪ್ರಾಜೆಕ್ಟ್ ಇಲ್ಲದೆ ಕಾಯುತ್ತಾ ಕೂರುವುದು) ಸಮೇತ. ಸ್ಟುಟ್‌ಗಾರ್ಟ್ ಅಂದರೆ ಮರ್ಸಿಡಿಸ್, ಪೋರ್ಷೆ, ಬಾಷ್, ಅವರ ಸುತ್ತ ಬದುಕುವ ಸಣ್ಣಪುಟ್ಟ ಕಂಪನಿಗಳು. ಸಿ++, ಎಂಬೆಡೆಡ್, ಆಟೋಸಾರ್ ಅಂತ ಕಾರಿನೊಳಗೆ ಓಡುವ ಸಾಫ್ಟ್‌ವೇರ್ ಕೆಲಸ ಇಷ್ಟವಾದರೆ ಹಬ್ಬ. ವೆಬ್, ಸ್ಟಾರ್ಟಪ್ ಅನ್ನುವವರು ಬರ್ಲಿನ್ ಕಡೆ ನೋಡುವುದು ವಾಸಿ. ಕಾರಿನವರೂ ಈಗ ಜನರನ್ನು ಕಡಿಮೆ ಮಾಡುತ್ತಿದ್ದಾರೆ, ಅದೂ ತಲೆಯಲ್ಲಿರಲಿ.

ನನ್ನ ಪ್ರಕಾರ ಇಲ್ಲಿನ ನಿಜವಾದ ಸ್ವಾತಂತ್ರ್ಯ ಅಂದರೆ ಹಿಡಿಸದಿದ್ದರೆ ಬಿಟ್ಟು ಹೋಗುವುದು, ಆದರೆ ಅದು ಬಂದ ದಿನವೇ ಸಿಗುವುದಿಲ್ಲ. ಬ್ಲೂ ಕಾರ್ಡ್ (ಓದಿದ ವಿದೇಶಿ ಕೆಲಸಗಾರರಿಗೆ ಕೊಡುವ ವಾಸ-ಕೆಲಸದ ಪರ್ಮಿಟ್) ಮೇಲೆ ಬಂದರೆ ಮೊದಲ 12 ತಿಂಗಳು ಕೆಲಸ ಬದಲಿಸುವಾಗ ವಲಸೆ ಕಚೇರಿಗೆ ತಿಳಿಸಬೇಕು, ಅವರು 30 ದಿನ ತಡೆಹಿಡಿಯಬಹುದು, ಬೇಡ ಅಂತಲೂ ಹೇಳಬಹುದು. ಆಮೇಲೆ ಆ ರಗಳೆ ಇಲ್ಲ. ಸಂಜೆ ಹೊತ್ತು ಸುಮ್ನೆ ಒಂದು ಫ್ರೀಲಾನ್ಸ್ ಕೆಲಸ ಹಿಡಿಯೋಣ ಅಂದರೆ ಅದಕ್ಕೂ ಬೇರೆ ಅನುಮತಿ ಬೇಕು. ಕಾಯಂ ವಾಸದ ಪರ್ಮಿಟ್ ಸಿಕ್ಕಮೇಲೆ ಮಾತ್ರ ಕೆಲಸ, ಸ್ವಂತ ಕಂಪನಿ, ಏನು ಬೇಕಾದರೂ ಮಾಡಿ. ಬ್ಲೂ ಕಾರ್ಡಿನವರಿಗೆ ಅದು 27 ತಿಂಗಳಿಗೆ ಸಿಗುತ್ತದೆ, ಜರ್ಮನ್ ಬಿ1 (ಮಧ್ಯಮ ಹಂತದ ಭಾಷಾ ಪರೀಕ್ಷೆ) ಪಾಸಾಗಿದ್ದರೆ 21ಕ್ಕೇ. ಹಾಗಾಗಿ ಬಂದ ವಾರವೇ ಕ್ಲಾಸಿಗೆ ಸೇರಿ. ಆಫೀಸಿನಲ್ಲಿ ಎಲ್ಲರೂ ಇಂಗ್ಲಿಷ್ ಮಾತಾಡುತ್ತಾರಲ್ವಾ ಅಂತ ವರ್ಷಗಟ್ಟಲೆ ತಳ್ಳಿದವರನ್ನು ಬೇಕಾದಷ್ಟು ನೋಡಿದ್ದೇನೆ. ಕೆಲಸ ಹುಡುಕಲು ಕೂತಾಗ ಅರ್ಧಕ್ಕರ್ಧ ಜಾಹೀರಾತು ಜರ್ಮನ್ ಬರುವವರಿಗೇ ಅಂತ ಗೊತ್ತಾಗುತ್ತದೆ. ಟೀಮ್ ಲೀಡ್ ಆಗಬೇಕು, ಗ್ರಾಹಕರ ಜೊತೆ ಕೂರಬೇಕು ಅಂದರೆ ಇನ್ನೂ ಜಾಸ್ತಿ.

ಬೇಜಾರಾಯ್ತು ಅಂತ ಕೈಯಲ್ಲಿ ಇನ್ನೊಂದು ಕೆಲಸ ಇಲ್ಲದೆ ರಾಜೀನಾಮೆ ಕೊಡಬೇಡಿ. ನಿರುದ್ಯೋಗ ಭತ್ಯೆಗೆ ಮೊದಲು 12 ತಿಂಗಳು ವಂತಿಗೆ ಕಟ್ಟಿರಬೇಕು. ಕಟ್ಟಿದ್ದರೂ, ನೀವಾಗಿಯೇ ಬಿಟ್ಟರೆ ಸಾಮಾನ್ಯವಾಗಿ 12 ವಾರ ಏನೂ ಬರುವುದಿಲ್ಲ.

ನೋಟಿಸ್ ಪೀರಿಯಡ್ಡನ್ನೂ ಈಗಲೇ ಓದಿಕೊಳ್ಳಿ. ಬೆಂಗಳೂರಿನ 90 ದಿನವೇ ಜಾಸ್ತಿ ಅನ್ನುತ್ತೀರಿ, ಇಲ್ಲಿ ಎಷ್ಟೋ ಕಾಂಟ್ರಾಕ್ಟುಗಳಲ್ಲಿ ‘ಮೂರು ತಿಂಗಳು, ಕ್ವಾರ್ಟರ್ ಕೊನೆಗೆ’ ಅಂತಿರುತ್ತದೆ. ಮಾರ್ಚ್ 31ಕ್ಕೆ ಪತ್ರ ಕೊಟ್ಟರೆ ಜೂನ್ ಕೊನೆಗೆ ಬಿಡುಗಡೆ, ಏಪ್ರಿಲ್ 1ಕ್ಕೆ ಕೊಟ್ಟರೆ ಸೆಪ್ಟೆಂಬರ್ ಕೊನೆಗೆ. ಅದನ್ನು ‘ತಿಂಗಳ ಕೊನೆಗೆ’ ಅಂತ ಬದಲಿಸಿಕೊಡಿ ಅಂತ ಸಹಿ ಹಾಕುವ ಮೊದಲೇ ಕೇಳಿ. ಕೇಳಿದರೆ ಒಪ್ಪುವವರೂ ಇದ್ದಾರೆ.