ಓದುಗರ ಪ್ರಶ್ನೆ: ಕೆಮ್ಮಿನ ಮದ್ದನ್ನು ಪೆಟ್ಟಿಗೆಗಟ್ಟಲೆ ತರಬಹುದೇ?

ಪ್ರಶ್ನೆ: ಮಳೆ ಹಿಡಿಯಿತೆಂದರೆ ನಮ್ಮ ಕಾಫಿ ತೋಟದ ಲೈನ್‌ಮನೆಗಳಲ್ಲಿ ಮನೆಗಿಬ್ಬರಿಗೆ ಒಣಕೆಮ್ಮು. ಡೆಕ್ಸ್‌ಟ್ರೋಮೆಥಾರ್ಫಾನ್ ಸಿರಪ್ಪನ್ನು ಹಾಸನದ ಸಗಟು ಅಂಗಡಿಯಿಂದ ತಂದು ಪುಕ್ಕಟೆ ಹಂಚಬಹುದೇ?
– ಓದುಗರು, ಸಕಲೇಶಪುರ

ಉತ್ತರ: ಬೇಡ. ಈ ಔಷಧ ನಮ್ಮಲ್ಲಿ ಷೆಡ್ಯೂಲ್ ಎಚ್‌ನಲ್ಲಿದೆ, ವೈದ್ಯರ ಚೀಟಿ ಇರಲೇಬೇಕು. 1940ರ ಔಷಧ ಮತ್ತು ಕಾಂತಿವರ್ಧಕ ಕಾಯ್ದೆಯ 18(ಸಿ) ಕಲಂ ಪರವಾನಗಿಯಿಲ್ಲದೆ ಮಾರುವುದನ್ನಷ್ಟೇ ಅಲ್ಲ, ಹಂಚುವುದನ್ನೂ ತಡೆಯುತ್ತದೆ. ದುಡ್ಡು ತೆಗೆದುಕೊಂಡಿಲ್ಲ ಎಂದರೆ ನಡೆಯದು. 20ಬಿ ಪರವಾನಗಿಯ ಸಗಟುದಾರನೂ ನಿಮ್ಮ ಹೆಸರಿಗೆ ಬಿಲ್ ಹಾಕುವಂತಿಲ್ಲ. ಸಾವಿರಕ್ಕಿಂತ ಕಡಿಮೆ ಜನಸಂಖ್ಯೆಯ ಹಳ್ಳಿಯ ಕಿರಾಣಿ ಅಂಗಡಿಗೆ ಕೆಲವು ಮನೆಮದ್ದುಗಳ ಮಟ್ಟಿಗೆ ವಿನಾಯಿತಿ ಇದೆಯಲ್ಲ, ಅದೂ ಷೆಡ್ಯೂಲ್ ಎಚ್ ಔಷಧಕ್ಕೆ ಅನ್ವಯಿಸದು.

ದಾರಿ ಇದೆ. ವಾರಕ್ಕೊಮ್ಮೆ ವೈದ್ಯರನ್ನು ತೋಟಕ್ಕೆ ಕರೆಸಿ. ಅವರು ನೋಡಿ, ಹೆಸರು ಹೆಸರಿಗೆ ಚೀಟಿ ಬರೆದರೆ ಮೆಡಿಕಲ್ ಶಾಪಿನಿಂದ ಅಷ್ಟೇ ತನ್ನಿ, ಖರ್ಚು ನೀವು ಕೊಡಿ. ಎರಡು ವಾರ ದಾಟಿದ ಕೆಮ್ಮಿಗೆ ಸಿರಪ್ ಕುಡಿಸುತ್ತ ಕೂರಬೇಡಿ. ತಾಲ್ಲೂಕು ಆಸ್ಪತ್ರೆಯಲ್ಲಿ ಕ್ಷಯದ ಕಫ ಪರೀಕ್ಷೆ ಆಗಲಿ. ಕೆಮ್ಮು ಅಡಗಿದರೆ ರೋಗವೂ ಅಡಗಿಕೊಳ್ಳುತ್ತದೆ. ಖಿನ್ನತೆಯ ಮಾತ್ರೆ ತಿನ್ನುವವರಿಗೆ ಈ ಸಿರಪ್ ಅಪಾಯ, ವೈದ್ಯರಿಗೆ ಮೊದಲೇ ತಿಳಿಸಿ. ಐದರೊಳಗಿನ ಮಕ್ಕಳಿಗಂತೂ ಕೊಡಲೇಬೇಡಿ.

ಪ್ರಶ್ನೆ: ಅಮೆರಿಕದಲ್ಲಿ ಇದೇ ಸಿರಪ್ ಚೀಟಿಯಿಲ್ಲದೆ ಸಿಗುತ್ತದೆ. ಹಾಗಿದ್ದೂ ಇದರ ಪುಡಿಯ ಸಗಟು ವಿತರಣೆ ತಡೆಯಲು ಅಲ್ಲಿ ಮಸೂದೆ ಏಕೆ ಬಂತು?
– ಓದುಗರು, ಮೂಡಿಗೆರೆ

ಉತ್ತರ: ಸೀಸೆಯ ಮೇಲೆ ಅಳತೆ ಬರೆದಿರುತ್ತದೆ, ಪುಡಿಯ ಪೊಟ್ಟಣದ ಮೇಲೆ ಇರುವುದಿಲ್ಲ. ದೊಡ್ಡವರಿಗೆ ದಿನದ ಮಿತಿ 120 ಮಿಲಿಗ್ರಾಂ. ಒಂದು ಗ್ರಾಂ ಪುಡಿ ಎಂದರೆ 1000 ಮಿಲಿಗ್ರಾಂ, ಎಂಟು ದಿನದ ಮಿತಿಗಿಂತಲೂ ಹೆಚ್ಚು. ಅಡುಗೆಮನೆಯ ತಕ್ಕಡಿಗೆ ಒಂದು ಗ್ರಾಂ ಹೆಚ್ಚುಕಮ್ಮಿ ಲೆಕ್ಕಕ್ಕೇ ಇಲ್ಲ. 2005ರಲ್ಲಿ ಐವರು ಹದಿಹರೆಯದವರ ಸಾವಿಗೆ ನಶೆಗೆ ಬಳಸಿದ ಶುದ್ಧ ಪುಡಿಯ ನಂಟಿರಬಹುದೆಂದು ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಚ್ಚರಿಸಿತು. ನೋಂದಾಯಿತರಲ್ಲದವರ ಕೈಗೆ ಪುಡಿ ಸೇರಬಾರದೆಂಬ ಮಸೂದೆ 2006ರಲ್ಲಿ ಮಂಡನೆಯಾಯಿತು. ಸಿರಪ್ಪನ್ನು ಅದು ಮುಟ್ಟಲಿಲ್ಲ, ಅದು ಸರಿಯಾದ ಕ್ರಮವೇ.

ಪುಡಿಯ ಶುದ್ಧತೆಯೂ ಅಷ್ಟೇ ಮುಖ್ಯ. ಈ ಅಣುವಿನ ಕನ್ನಡಿಬಿಂಬವಾದ ಲೆವೊಮೆಥಾರ್ಫಾನ್ ಅಫೀಮಿನಂತೆ ಉಸಿರನ್ನೇ ಕುಗ್ಗಿಸುತ್ತದೆ. 2012ರಲ್ಲಿ ಪಾಕಿಸ್ತಾನದ ಲಾಹೋರ್, ಗುಜ್ರಾನ್‌ವಾಲಾಗಳಲ್ಲಿ ಕೆಮ್ಮಿನ ಸಿರಪ್ ಕುಡಿದವರ ಸಾವುಗಳ ನಂತರ ಕಚ್ಚಾ ಪುಡಿಯಲ್ಲಿ ಅದರ ಬೆರಕೆ ಪತ್ತೆಯಾಯಿತು. ಕರಗುವ ಬಿಂದು ನೋಡುವಂಥ ಸಾಮಾನ್ಯ ಪರೀಕ್ಷೆಗೆ ಎರಡೂ ಒಂದೇ. ಬೆಳಕು ಎತ್ತ ತಿರುಗುತ್ತದೆಂದು ಅಳೆದರೆ ವ್ಯತ್ಯಾಸ ಸಿಗುತ್ತದೆ. ಆ ಉಪಕರಣ ಇರುವುದು ಪ್ರಯೋಗಾಲಯದಲ್ಲಿ, ಪುಡಿ ತರಿಸಿಕೊಂಡವನ ಮನೆಯಲ್ಲಲ್ಲ.