ತಾಯಿ ಕಾರ್ಡಿನ ‘ನೆಗೆಟಿವ್’: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಲಾಗಿದೆ.)

ಮೂವತ್ತು ದಾಟಿದ ಲಾರಿ ಚಾಲಕರೊಬ್ಬರು ಅಂಗೈ, ಅಂಗಾಲುಗಳಲ್ಲಿ ತುರಿಕೆಯಿಲ್ಲದ ಕಲೆಗಳೆದ್ದಿವೆಯೆಂದು ಚರ್ಮರೋಗ ವಿಭಾಗಕ್ಕೆ ಬಂದಿದ್ದರು. ಅಲ್ಲಿನ ವೈದ್ಯರು ಅವರನ್ನು ಲೈಂಗಿಕ ಸೋಂಕುಗಳಿಗೆ ಚಿಕಿತ್ಸೆ, ಆಪ್ತಸಲಹೆ ಕೊಡುವ ನಮ್ಮ ಸುರಕ್ಷಾ ಕ್ಲಿನಿಕ್‌ಗೆ ಕಳುಹಿಸಿದರು. ಡೀಸೆಲ್ ತಾಗಿ ಆದ ಅಲರ್ಜಿಯೆಂದೇ ಚಾಲಕರು ನಂಬಿದ್ದರು. ಎರಡು ತಿಂಗಳ ಹಿಂದೆ ಜನನಾಂಗದ ಮೇಲೆ ನೋವಿಲ್ಲದ ಹುಣ್ಣೊಂದು ಎದ್ದು, ಮೆಡಿಕಲ್ ಶಾಪಿನ ಮುಲಾಮಿನಿಂದ ಹೋಯಿತೆಂಬುದನ್ನು ಕೇಳಿದ ಮೇಲಷ್ಟೇ ಹೇಳಿದರು. ಲೈಂಗಿಕ ಸಂಪರ್ಕದಿಂದ ಹರಡುವ ಸಿಫಿಲಿಸ್‌ನ ಮೊದಲ ಹುಣ್ಣು ಮುಲಾಮು ಹಚ್ಚಿದರೂ ಹಚ್ಚದಿದ್ದರೂ ಮೂರರಿಂದ ಆರು ವಾರಗಳಲ್ಲಿ ಮಾಯುತ್ತದೆ, ಆದರೆ ಸೋಂಕು ದೇಹದಲ್ಲೇ ಉಳಿಯುತ್ತದೆ. ರಕ್ತಪರೀಕ್ಷೆಯಲ್ಲಿ ಸಿಫಿಲಿಸ್ ಖಚಿತವಾಯಿತು. ಎಚ್‌ಐವಿ ನೆಗೆಟಿವ್ ಇತ್ತು.

“ನಾ ಅಂಥಾಂವ ಅಲ್ರೀ ಮೇಡಂ, ಒಬ್ಬಾಕಿ ಕಡೆ ಅಷ್ಟ ಹೋಗ್ತಿದ್ದೆ” ಎಂದರು. ‘ಒಬ್ಬಾಕಿ’ ಎಂದರೆ ಹೆದ್ದಾರಿಯಲ್ಲಿ ಲೈಂಗಿಕ ವೃತ್ತಿ ಮಾಡುವ ಮಹಿಳೆ. ದೇಶದ ವಯಸ್ಕರಲ್ಲಿ ಎಚ್‌ಐವಿ ಶೇ. 0.2ರ ಆಸುಪಾಸಿನಲ್ಲಿದ್ದರೆ ಲೈಂಗಿಕ ವೃತ್ತಿಯ ಮಹಿಳೆಯರಲ್ಲಿ ಶೇ. 2ರ ಸಮೀಪವಿದೆ, ಈ ಅಂತರದಿಂದಲೇ ‘ಹೆಚ್ಚು ಅಪಾಯದ ಗುಂಪು’ ಎಂಬ ವಿಂಗಡಣೆ ಹುಟ್ಟಿದೆ. ಚಾಲಕರನ್ನೂ ವಲಸೆ ಕಾರ್ಮಿಕರನ್ನೂ ಈ ಗುಂಪಿಗೂ ಮನೆಗೂ ನಡುವಿನ ಸೇತುವೆ ಸಮುದಾಯವೆಂದು ಎಚ್‌ಐವಿ ನಿಯಂತ್ರಣ ಕಾರ್ಯಕ್ರಮದಲ್ಲಿ ಎಣಿಸುತ್ತಾರೆ. ನನ್ನ ಮಟ್ಟಿಗೆ ಈ ಹೆಸರುಗಳ ತೊಡಕೆಂದರೆ, ಅವು ತನಗೆ ಸಂಬಂಧಿಸಿದ್ದಲ್ಲವೆಂದು ಪ್ರತಿಯೊಬ್ಬರೂ ಪಕ್ಕಕ್ಕಿಟ್ಟುಬಿಡುತ್ತಾರೆ. ಸ್ವಯಂಸೇವಾ ಸಂಸ್ಥೆಯಲ್ಲಿ ನೋಂದಾಯಿತರಾದ ಮಹಿಳೆಯರಿಗೆ ಆರು ತಿಂಗಳಿಗೊಮ್ಮೆ ಸಿಫಿಲಿಸ್, ಎಚ್‌ಐವಿ ಪರೀಕ್ಷೆಯಾಗಬೇಕೆಂಬ ನಿಯಮವಾದರೂ ಇದೆ. ಅವರ ಬಳಿ ಹೋಗುವ ಗಂಡಸರಿಗೆ ಅದೂ ಇಲ್ಲ.

ಈ ಚಾಲಕರ ಪತ್ನಿ ಐದೂವರೆ ತಿಂಗಳ ಗರ್ಭಿಣಿ. “ತಾಯಿ ಕಾರ್ಡಿನಾಗ ನೆಗೆಟಿವ್ ಅಂತ ಬರದಾರಲ್ರೀ” ಎಂದು ಫೋನಿನಲ್ಲಿದ್ದ ಫೋಟೊ ತೋರಿಸಿದರು. ಆ ಸಿಫಿಲಿಸ್ ಪರೀಕ್ಷೆ ನಡೆದದ್ದು ಮೂರನೇ ತಿಂಗಳಲ್ಲಿ, ಅಂದರೆ ಇವರಿಗೆ ಹುಣ್ಣು ಕಾಣಿಸಿಕೊಳ್ಳುವುದಕ್ಕೂ ಮೊದಲು. ಆ ಬಳಿಕವೂ ಮನೆಯಲ್ಲಿ ಕಾಂಡೋಮ್ ಇಲ್ಲದ ಸಂಪರ್ಕ ನಡೆದಿತ್ತು. ದಿನಾಂಕದ ಮೇಲೆ ಬೆರಳಿಟ್ಟು ತೋರಿಸಿದಾಗ ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ಬಸುರಿಗೆ ಶಕ್ತಿ ಇಂಜೆಕ್ಷನ್ ಅಂತ ಹೇಳಿ ಹಾಕಿಬಿಡ್ರಿ” ಎಂದು ಕೇಳಿಕೊಂಡರು.

ಆಗದು ಎಂದೆ. ಒಪ್ಪಿಗೆಯಿಲ್ಲದೆ ಚಿಕಿತ್ಸೆ ಕೊಡುವಂತಿಲ್ಲ ಎಂಬುದು ಒಂದು ಕಾರಣವಾದರೆ, ಏನಾಗಿದೆಯೆಂದು ಗೊತ್ತಿಲ್ಲದ ಹೆಂಗಸು ಮರುಸೋಂಕನ್ನು ತಡೆಯಲಾರಳು, ಮರುಪರೀಕ್ಷೆಗೂ ಬರಲಾರಳು ಎಂಬುದು ಇನ್ನೊಂದು. ತಾವೇ ಹೇಳಿ ಕರೆತರಬಹುದು, ಇಲ್ಲವೇ ಇಬ್ಬರನ್ನೂ ಕೂರಿಸಿಕೊಂಡು ನಾನು ಮಾತಾಡಬಹುದು ಎಂದು ತಿಳಿಸಿದೆ. ಅವರು ಎರಡನೆಯದನ್ನು ಆರಿಸಿಕೊಂಡರು. ಅಂದೇ ಅವರಿಗೆ 24 ಲಕ್ಷ ಯೂನಿಟ್ ಬೆಂಜಾಥಿನ್ ಪೆನಿಸಿಲಿನ್ ಕೊಡಲಾಯಿತು; ಒಂದು ದಿನ ಜ್ವರ, ಮೈಕೈ ನೋವು ಬರಬಹುದೆಂದೂ ಅದಕ್ಕೆ ಹೆದರಬಾರದೆಂದೂ ಮೊದಲೇ ಹೇಳಿದ್ದೆ.

ಅದೇ ವಾರ ಪತ್ನಿಯೂ ಬಂದರು. ಅಳಲಿಲ್ಲ, “ಕೂಸಿಗೆ ಏನಾರ ಆಗತದೇನ್ರೀ?” ಎಂದು ಮಾತ್ರ ಕೇಳಿದರು. ಚಿಕಿತ್ಸೆಯಿಲ್ಲದಿದ್ದರೆ ಮಗು ಹೊಟ್ಟೆಯಲ್ಲೇ ಸಾಯುವ ಅಥವಾ ಸೋಂಕಿನೊಂದಿಗೆ ಹುಟ್ಟುವ ಸಂಭವವಿದೆ, ಹೆರಿಗೆಗೆ ತಿಂಗಳಿಗಿಂತ ಮೊದಲೇ ಪೆನಿಸಿಲಿನ್ ಸಿಕ್ಕರೆ ಬಹುಪಾಲು ಮಕ್ಕಳು ಪಾರಾಗುತ್ತಾರೆ ಎಂದು ವಿವರಿಸಿದೆ. ವರದಿ ಪಾಸಿಟಿವ್ ಬಂತು. ನೆಗೆಟಿವ್ ಬಂದಿದ್ದರೂ ಪತಿಯ ಸೋಂಕಿನ ಕಾರಣಕ್ಕೆ ಚಿಕಿತ್ಸೆ ಬೇಕಾಗುತ್ತಿತ್ತು.

ಹೆರಿಗೆಯಾದಾಗ ತಾಯಿ-ಮಗು ಇಬ್ಬರ ರಕ್ತಪರೀಕ್ಷೆ, ಮೂರು ತಿಂಗಳಿಗೆ ಪತಿಯ ಎಚ್‌ಐವಿ ಮರುಪರೀಕ್ಷೆ, ಅಲ್ಲಿಯವರೆಗೆ ಪ್ರತಿ ಸಲವೂ ಕಾಂಡೋಮ್: ಇಷ್ಟನ್ನು ಬರೆದುಕೊಟ್ಟಿದ್ದೇನೆ. ಹೆದ್ದಾರಿಯ ಆ ಮಹಿಳೆಗೆ ತಲುಪಿಸಲೆಂದು ಹೆಸರಿಲ್ಲದ ರೆಫರಲ್ ಚೀಟಿಯನ್ನೂ ಕೊಟ್ಟಿದ್ದೆ. ಕಳೆದ ಭೇಟಿಯವರೆಗೆ ಅದು ಚಾಲಕರ ಕಿಸೆಯಲ್ಲೇ ಇತ್ತು.