ಹಳೇ ಲೆಕ್ಕ ಬಿಟ್ಟರೆ ಮಾತ್ರ ಹೊಸ ಕರಾರಂತೆ!

ಓದುಗರ ಪತ್ರ: ಶಿವಮೊಗ್ಗದಲ್ಲಿ ಒಂದು ಕಂಪನಿಯ ಫ್ರಾಂಚೈಸಿ ತೆಗೆದುಕೊಂಡು ಐದು ವರ್ಷದಿಂದ ಪ್ಲೇ ಹೋಮ್ ನಡೆಸುತ್ತಿದ್ದೇನೆ. ಈ ತಿಂಗಳು ಕರಾರು ಮುಗಿಯುತ್ತದೆ. ನವೀಕರಣದ ಕಾಗದಗಳ ಜೊತೆ ‘ರಿಲೀಸ್’ ಎಂಬ ಎರಡು ಪುಟ ಕಳಿಸಿದ್ದಾರೆ. ಕಂಪನಿಯ ಮೇಲೆ ಇವತ್ತಿನವರೆಗೆ ಇರುವ, ನನಗೆ ಗೊತ್ತಿರುವ ಮತ್ತು ಗೊತ್ತಿಲ್ಲದ ಎಲ್ಲ ಕ್ಲೇಮುಗಳನ್ನು ಬಿಟ್ಟಿದ್ದೇನೆ ಎಂದು ಅದರಲ್ಲಿದೆ. ಮೂರು ಕಿಲೋಮೀಟರ್ ಒಳಗೆ ಬೇರೆ ಸೆಂಟರ್ ಕೊಡುವುದಿಲ್ಲ ಎಂದವರು ಒಂದೂವರೆ ಕಿಲೋಮೀಟರ್ ದೂರದಲ್ಲೇ ಕೊಟ್ಟಿದ್ದಾರೆ. ನನ್ನ ಎರಡು ಲಕ್ಷ ಡೆಪಾಸಿಟ್ ಅವರ ಹತ್ತಿರ ಇದೆ. ಮೊದಲ ಕರಾರಿಗೆ ನಮ್ಮ ಯಜಮಾನರು ಗ್ಯಾರಂಟಿ ಸಹಿ ಹಾಕಿದ್ದರು. ‘ಬರೀ ಫಾರ್ಮಾಲಿಟಿ ಮೇಡಂ’ ಅನ್ನುತ್ತಾರೆ ಏರಿಯಾ ಮ್ಯಾನೇಜರ್. ಸಹಿ ಹಾಕಲೇ? (ಹೆಸರು ಬೇಡ ಎಂದಿದ್ದಾರೆ.)

ಸಂಪಾದಕರ ಉತ್ತರ: ಬರೀ ಫಾರ್ಮಾಲಿಟಿಯಾದರೆ ಆ ಎರಡು ಪುಟ ತೆಗೆದುಬಿಡಿ ಎಂದು ಕೇಳಿ ನೋಡಿ. ತೆಗೆಯುವುದಿಲ್ಲ. ಇಡೀ ಕಟ್ಟಿನಲ್ಲಿ ಕಂಪನಿಗೆ ಹೆಚ್ಚು ಬೇಕಾಗಿರುವುದು ಬಹುಶಃ ಅವೇ.

ರಿಲೀಸ್ ಎಂದರೆ ಕಂಪನಿ ತಪ್ಪು ಮಾಡಿಲ್ಲ ಎಂದು ನೀವು ಒಪ್ಪಿದ ಹಾಗಲ್ಲ. ತಪ್ಪು ಮಾಡಿದ್ದರೂ ಇನ್ನು ಕೇಳುವುದಿಲ್ಲ ಎಂದು ಬರೆದುಕೊಟ್ಟ ಹಾಗೆ. ಒಂದೂವರೆ ಕಿಲೋಮೀಟರಿನ ಆ ಸೆಂಟರಿನಿಂದ ನಿಮಗೆ ಎಷ್ಟು ಮಕ್ಕಳು ತಪ್ಪಿದರು, ಎಷ್ಟು ಫೀಸು ಹೋಯಿತು ಎಂಬ ಲೆಕ್ಕ ಸಹಿ ಬಿದ್ದ ದಿನವೇ ಮುಚ್ಚಿಹೋಗುತ್ತದೆ. ‘ಅದಕ್ಕೆ ಪ್ರತಿಯಾಗಿ ಅವರು ಒಂದು ರೂಪಾಯಿಯನ್ನೂ ಕೊಟ್ಟಿಲ್ಲವಲ್ಲ, ಹೇಗೆ ಸಿಂಧುವಾಗುತ್ತದೆ?’ ಎಂದು ಕೇಳುವವರಿದ್ದಾರೆ. ನಮ್ಮಲ್ಲಿ ಆಗುತ್ತದೆ. ಬರಬೇಕಾದದ್ದನ್ನು ಪೂರ್ತಿಯಾಗಿ ಅಥವಾ ಭಾಗಶಃ ಬಿಟ್ಟುಕೊಡಲು 1872ರ ಭಾರತೀಯ ಕರಾರು ಕಾಯ್ದೆಯ 63ನೇ ಸೆಕ್ಷನ್ ಅವಕಾಶ ಕೊಡುತ್ತದೆ. ಅಲ್ಲಿನ ಉದಾಹರಣೆಯನ್ನೇ ನೋಡಿ: 5,000 ರೂಪಾಯಿ ಸಾಲಕ್ಕೆ 2,000 ತೆಗೆದುಕೊಂಡು ಪೂರ್ತಿ ತೀರಿತು ಎಂದು ಒಪ್ಪಿದರೆ ಅಲ್ಲಿಗೆ ಇಡೀ ಸಾಲ ತೀರಿತು.

ನೀವು ಕಳಿಸಿದ ಫೋಟೋದಲ್ಲಿ ಎರಡನೇ ಪುಟದ ಕೆಳಗೆ ಒಂದು ಸಾಲು ಕಂಡು ನಗು ಬಂತು. ‘ಕ್ಯಾಲಿಫೋರ್ನಿಯಾ ಸಿವಿಲ್ ಕೋಡ್ ಸೆಕ್ಷನ್ 1542ರ ಅಡಿಯ ಹಕ್ಕನ್ನೂ ಬಿಟ್ಟಿದ್ದೇನೆ’ ಎಂದು ಶಿವಮೊಗ್ಗದ ಪ್ಲೇ ಹೋಮಿನವರಿಂದ ಬರೆಸಿಕೊಳ್ಳುತ್ತಿದ್ದಾರೆ! ಯಾರೋ ಅಮೆರಿಕದ ಮಾದರಿ ಕಾಗದವನ್ನು ಓದದೆ ಅಂಟಿಸಿದ್ದಾರೆ. ಆದರೂ ಆ ಸೆಕ್ಷನ್ ಏನನ್ನುತ್ತದೆ ಎಂದು ತಿಳಿದರೆ ನಿಮ್ಮ ಕಾಗದ ಅರ್ಥವಾಗುತ್ತದೆ. ಸಹಿ ಹಾಕುವಾಗ ತನಗೆ ಗೊತ್ತೇ ಇರದಿದ್ದ, ಗೊತ್ತಿದ್ದರೆ ರಾಜಿಯ ಮೇಲೆ ದೊಡ್ಡ ಪರಿಣಾಮ ಬೀರುತ್ತಿದ್ದ ಕ್ಲೇಮಿಗೆ ಸಾಮಾನ್ಯ ರಿಲೀಸ್ ತಗಲುವುದಿಲ್ಲ ಎಂಬುದು ಅದರ ಸಾರ. ಅಲ್ಲಿನ ವಕೀಲರು ಆ ರಕ್ಷಣೆಯನ್ನೇ ಬಿಟ್ಟಿದ್ದೇನೆ ಎಂದು ಬರೆಸಿಕೊಳ್ಳುತ್ತಾರೆ. ನಿಮ್ಮ ಕಾಗದದ ‘ಗೊತ್ತಿಲ್ಲದ’ ಎಂಬ ಮಾತಿನ ಕೆಲಸವೂ ಅದೇ. ನಿಮ್ಮಿಂದ ವಸೂಲಿ ಮಾಡಿದ ಜಾಹೀರಾತು ನಿಧಿ ಎಲ್ಲಿಗೆ ಹೋಯಿತು, ಕಿಟ್‌ಗಳಿಗೆ ಹಾಕಿದ ಬೆಲೆ ಸರಿಯಿತ್ತೇ ಎಂಬುದು ನಿಮಗೆ ಇವತ್ತು ಗೊತ್ತಿಲ್ಲ. ನಾಳೆ ಗೊತ್ತಾದರೂ ಬಾಯಿ ತೆರೆಯುವ ಹಾಗಿಲ್ಲ.

ಅಮೆರಿಕದಲ್ಲಿ ಫ್ರಾಂಚೈಸಿ ಮಾರುವವರು ಸಹಿಗೆ ಕನಿಷ್ಠ 14 ದಿನ ಮೊದಲು ಎಲ್ಲ ವಿವರಗಳ ದಸ್ತಾವೇಜು ಕೊಡಬೇಕು. ನವೀಕರಣದ ಷರತ್ತುಗಳೂ ಅದರಲ್ಲಿರಬೇಕು. ಮಿನ್ನೆಸೋಟದಲ್ಲಂತೂ ರಾಜ್ಯದ ಫ್ರಾಂಚೈಸಿ ಕಾನೂನು ಹೊರಿಸುವ ಹೊಣೆಯಿಂದ ಕಂಪನಿಯನ್ನು ಬಿಡಿಸುವ ರಿಲೀಸ್‌ಗೆ ಒತ್ತಾಯಿಸುವುದೇ ತಪ್ಪು. ನಮ್ಮಲ್ಲಿ ಫ್ರಾಂಚೈಸಿಗೆಂದೇ ಒಂದು ಕಾನೂನಿಲ್ಲ. ಮಾದರಿ ಕಾಗದ ಬಂತು, ಅದರ ಜೊತೆಗಿದ್ದ ಬೇಲಿ ಬರಲಿಲ್ಲ.

ಹಾಗೆಂದು ನಿಮ್ಮ ಕೈ ಪೂರ್ತಿ ಖಾಲಿಯೇನಲ್ಲ. ರಿಲೀಸ್ ಹಿಂದಿನದಕ್ಕೆ ಸರಿ; ಮುಂದೆ ಕಂಪನಿ ಕರಾರು ಮುರಿದರೂ ನೀವು ಕೋರ್ಟಿಗೂ ಹೋಗುವಂತಿಲ್ಲ ಎಂದು ಬರೆದಿದ್ದರೆ ಆ ಮಾತು ನಮ್ಮ ಕರಾರು ಕಾಯ್ದೆಯ 28ನೇ ಸೆಕ್ಷನ್ನಿನ ಮುಂದೆ ನಿಲ್ಲುವುದು ಕಷ್ಟ. ಕೋರ್ಟಿನ ಬದಲು ಪಂಚಾಯ್ತಿದಾರರ ಮುಂದೆ, ಅಂದರೆ ಆರ್ಬಿಟ್ರೇಷನ್‌ಗೆ ಹೋಗಬೇಕು ಎಂದಿದ್ದರೆ ಅದು ಬೇರೆ ಮಾತು, ಅದಕ್ಕೆ ಕಾನೂನಿನ ಒಪ್ಪಿಗೆ ಇದೆ.

ಇನ್ನು ‘ಈಗ ಸಹಿ ಹಾಕಿ, ಆಮೇಲೆ ಬಲವಂತ ಮಾಡಿದರು ಎಂದರಾಯಿತು’ ಎಂಬ ಸಲಹೆ. ನಿಮಗೂ ಯಾರೋ ಕೊಟ್ಟಿರುತ್ತಾರೆ. ಅದನ್ನು ನಂಬಿ ಕೂರಬೇಡಿ. ನ್ಯಾಷನಲ್ ಇನ್ಶೂರೆನ್ಸ್ ಮತ್ತು ಬೋಘಾರಾ ಪಾಲಿಫ್ಯಾಬ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2008ರಲ್ಲಿ ಒಂದು ಮಾತು ಹೇಳಿತು: ಹಣದ ಮುಗ್ಗಟ್ಟಿನಲ್ಲಿರುವವನಿಗೆ ‘ಪೂರ್ತಿ ಸಂದಾಯವಾಯಿತು ಎಂದು ಮೊದಲು ಸಹಿ ಹಾಕು, ಇಲ್ಲದಿದ್ದರೆ ದುಡ್ಡಿಲ್ಲ’ ಎಂದು ಬರೆಸಿಕೊಂಡ ವೋಚರ್ ಅವನ ಸ್ವಂತ ಇಚ್ಛೆಯದಲ್ಲ. ಆದರೆ ನಂತರದ ತೀರ್ಪುಗಳು ಬರೀ ‘ಬಲವಂತ’ ಎಂದರೆ ಸಾಲದು, ಆಧಾರ ಬೇಕು ಎಂದಿವೆ. ನಿಮ್ಮ ವಿಷಯದಲ್ಲಿ ಎರಡು ಸಂಗತಿ ಬೇರೆ ಬೇರೆ ಇವೆ. ಸಹಿ ಹಾಕದಿದ್ದರೆ ನವೀಕರಣ ಇಲ್ಲ ಎಂದರೆ, ನವೀಕರಣ ನಿಮ್ಮ ಹಕ್ಕು ಎಂದು ಹಳೇ ಕರಾರಿನಲ್ಲಿ ಬರೆದಿಲ್ಲದಿದ್ದಲ್ಲಿ, ಅದು ಬಹುಮಟ್ಟಿಗೆ ವ್ಯಾಪಾರದ ಚೌಕಾಸಿ. ಸಹಿ ಹಾಕದಿದ್ದರೆ ಡೆಪಾಸಿಟ್ ವಾಪಸ್ ಇಲ್ಲ ಎಂದರೆ ನಿಮ್ಮದೇ ದುಡ್ಡನ್ನು ಒತ್ತೆ ಇಟ್ಟುಕೊಂಡ ಹಾಗೆ. ಏರಿಯಾ ಮ್ಯಾನೇಜರ್ ಇವೆರಡರಲ್ಲಿ ಯಾವುದನ್ನು ಹೇಳಿದರು? ಫೋನಿನಲ್ಲಿ ಹೇಳಿದ್ದರೆ ಇವತ್ತೇ ಒಂದು ಇಮೇಲ್ ಹಾಕಿ: ‘ನೀವು ಹೀಗೆ ಹೇಳಿದಿರಿ, ಸರಿಯೇ?’ ಸಹಿಗೆ ಮೊದಲಿನ ಆ ಇಮೇಲ್ ಸಹಿಯ ನಂತರದ ಹತ್ತು ನೋಟಿಸಿಗಿಂತ ಹೆಚ್ಚು ತೂಗುತ್ತದೆ.

ಕರಾರು ಮುಂದುವರಿಸುವ ಮನಸ್ಸಿದ್ದರೆ ರಿಲೀಸನ್ನು ತಿರಸ್ಕರಿಸುವ ಬದಲು ತಿದ್ದಿಸಿ. ‘ಗೊತ್ತಿಲ್ಲದ’ ಎಂಬುದನ್ನು ಹೊಡೆದುಹಾಕಿಸಿ. ಡೆಪಾಸಿಟ್ ಮತ್ತು ಹತ್ತಿರದ ಸೆಂಟರಿನ ತಕರಾರು ಇದಕ್ಕೆ ಸೇರಿಲ್ಲ ಎಂದು ಒಂದು ಸಾಲು ಸೇರಿಸಿ. ಕಂಪನಿಯೂ ನಿಮ್ಮ ಮೇಲಿನ ಹಳೇ ಕ್ಲೇಮು ಬಿಡಲಿ. ಈಗ ಬಿಡುವವರು ನೀವೊಬ್ಬರೇ, ನಾಳೆ ಎರಡು ವರ್ಷದ ಹಿಂದಿನ ರಾಯಲ್ಟಿ (ಕಂಪನಿಯ ಹೆಸರು ಬಳಸಲು ಕಟ್ಟುವ ಹಣ) ಕಡಿಮೆ ಕಟ್ಟಿದ್ದೀರಿ ಎಂದು ಅವರು ಬರಬಹುದು. ಹೊಸ ಸೆಂಟರ್ ಯಾವಾಗ ಶುರುವಾಯಿತು ಎಂದು ನೀವು ಬರೆದಿಲ್ಲ. ಕರಾರು ಮುರಿದ ನಷ್ಟ ಕೇಳಲು ಸಾಮಾನ್ಯವಾಗಿ ಮೂರು ವರ್ಷದ ಗಡುವು, ಹಾಗಾಗಿ ಆ ತಾರೀಕು ಹಿಡಿದುಕೊಂಡೇ ವಕೀಲರ ಹತ್ತಿರ ಹೋಗಿ.

ಯಜಮಾನರ ಗ್ಯಾರಂಟಿಯ ಮಾತು ಪತ್ರದಲ್ಲಿ ಒಂದೇ ಸಾಲಿನಲ್ಲಿದೆ, ನನಗೆ ಅದೇ ಹೆಚ್ಚು ಯೋಚನೆ. ಜಾಮೀನುದಾರರ ಒಪ್ಪಿಗೆ ಇಲ್ಲದೆ ಷರತ್ತು ಬದಲಿಸಿದರೆ ಆ ನಂತರದ ವ್ಯವಹಾರಕ್ಕೆ ಅವರು ಹೊಣೆಯಲ್ಲ ಎನ್ನುತ್ತದೆ ಅದೇ ಕರಾರು ಕಾಯ್ದೆಯ 133ನೇ ಸೆಕ್ಷನ್. ಆದ್ದರಿಂದ ಹೊಸ ಕಟ್ಟಿನಲ್ಲಿ ಅವರ ಹೆಸರಿನದೊಂದು ಪುಟ ಇದ್ದೇ ಇರುತ್ತದೆ, ಹುಡುಕಿ. ಐದು ವರ್ಷದ ಹಳೇ ಗ್ಯಾರಂಟಿ ಮುಗಿಯಿತು ಎಂದು ಕಂಪನಿ ಬರೆದುಕೊಡುವವರೆಗೆ ಆ ಪುಟಕ್ಕೆ ಅವರು ಸಹಿ ಹಾಕುವುದು ಬೇಡ.